ಯಾರೂ ಬಸುರಿಯಿಲ್ಲದ ಸಿಂಗಾಪುರ

“ಈ ಸಲ ಅಲ್ಲೆ ಯಾರೂ ಬಸರಿಲ್ಲಂತ. ನೀನ ಓದಿ ನೋಡು ನೂರಜಹಾನ, ನನ್ನ ಕಣ್ಣಿನ ಮ್ಯಾಲ ನನಗ ನಂಬಿಕಿಲ್ಲ.”

ಕುಮುದಿನಿ ಮಾವಶಿ ಹಿತ್ತಲಿನ ಮೋಟು ಗೋಡೆಯ ಆಚೆ ನಿಂತು ನೀಲಿ ಕಾಗದವೊಂದನ್ನು ನನ್ನ ಹೊಲಿಗೆ ಯಂತ್ರದ ಮೇಲೆ ಇಟ್ಟರು. ನಾನು ಕತ್ತರಿ ಕೆಳಗಿಟ್ಟು, ಕೈ ಒರೆಸಿಕೊಂಡು ಓದಿದೆ. ಬರೆದವಳು ಸಿಂಗಾಪುರದಲ್ಲಿದ್ದ ಸುಲಭಾ, ಮಾವಶಿಯ ಅಕ್ಕನ ಕಿರಿಯ ಮಗಳು. ಅವಳಿಗೆ ಅವರು ಮಾವಶಿ, ಅಂದರೆ ಚಿಕ್ಕಮ್ಮ; ಓಣಿಯವರೆಲ್ಲ ಕರೆಯುವುದೂ ಹಾಗೆಯೇ. ‘ಮಾವಶಿ, ನೀನು ಎರಡು ಸಲ ಬಂದೆ. ಎರಡು ಸಲವೂ ಬಚ್ಚಲು, ಅಡುಗೆಮನೆ ಬಿಟ್ಟು ಬೇರೇನೂ ನೋಡಲಿಲ್ಲ. ನನಗೆ ಅದು ಮನಸ್ಸಿನಲ್ಲಿ ಉಳಿದಿದೆ. ಈ ಸಲ ನಮ್ಮಲ್ಲಿ ಯಾರೂ ಬಸುರಿಯಿಲ್ಲ. ಸುಮ್ಮನೆ ಬಾ. ಎರಡು ತಿಂಗಳು ಇದ್ದು ಹೋಗು. ಟಿಕೆಟ್ ನಾನು ಕಳಿಸುತ್ತೇನೆ.’

“ಖರೇನ ಬರದಾರ ರೀ ಮಾವಶಿ,” ಅಂದೆ. “ಸುಮ್ಮನ ಬಾ ಅಂದಾರ.”

“ಸುಮ್ಮನ ಅಂದ್ರ?”

“ಸುಮ್ಮನ ಅಂದ್ರ ಸುಮ್ಮನ ರೀ. ಪಾವಣೇರ ಹಂಗ. ಹೋಗೂದು, ಉಣ್ಣೂದು, ತಿರಗೂದು.”

“ಕೆಳಗ ಏನರ ಬರದಾಳೇನ ನೋಡು. ಬಾಣಂತನಕ್ಕ ಅಂಟು ತಗೊಂಡ ಬಾ, ಅಳ್ವಿ ತಗೊಂಡ ಬಾ ಅಂತ?”

“ಇಲ್ಲರೀ.”

“ಹಿಂದ?”

ಕಾಗದ ಹೊರಳಿಸಿದೆ. ಹಿಂದೆ ವಿಳಾಸ ಮಾತ್ರ ಇತ್ತು. ಮಾವಶಿಯ ಹೆಸರು, ನಮ್ಮ ಓಣಿ, ಖಾನಾಪುರ. ಮಾವಶಿ ಕಾಗದ ಇಸಿದುಕೊಂಡು ಆ ವಿಳಾಸವನ್ನೇ ಬಹಳ ಹೊತ್ತು ನೋಡಿದರು. ಯಾಕೆಂದರೆ ಪರದೇಶದಿಂದ ಅವರ ಹೆಸರಿಗೆ ಬಂದ ಮೊದಲ ಪತ್ರ ಅದು. ನಾಲ್ಕು ಸಲ ವಿಮಾನ ಹತ್ತಿ ಬಂದವರು ಅವರು. ಒಂದು ಸಲವೂ ಯಾರೂ ಅವರಿಗೆ ನೇರವಾಗಿ ಬಾ ಎಂದು ಬರೆದಿರಲಿಲ್ಲ.

ಅದು ಹೇಗೆಂದರೆ ಹೀಗೆ. ಮಾವಶಿಯ ಯಜಮಾನರು ಇಲ್ಲಿಯ ಹಂಚಿನ ಕಾರಖಾನೆಯಲ್ಲಿ ಕಾರಕೂನರಾಗಿದ್ದು, ಎಪ್ಪತ್ತೊಂದರಲ್ಲಿ ತೀರಿಕೊಂಡರು. ಮಕ್ಕಳಿಲ್ಲ. ಅಕ್ಕ ಅಲಕಾಬಾಯಿಯವರದು ಬೆಳಗಾವಿಯ ಸದಾಶಿವನಗರದಲ್ಲಿ ದೊಡ್ಡ ಮನೆ, ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಉಜ್ವಲಾ ಮದುವೆಯಾಗಿ ಕುವೈತಕ್ಕೆ ಹೋದಳು, ಕಿರಿಯಳು ಸುಲಭಾ ಸಿಂಗಾಪುರಕ್ಕೆ. ಹೆಣ್ಣುಮಕ್ಕಳ ಬಾಣಂತನ ತಾಯಿ ಮಾಡಬೇಕು, ಅದು ಪದ್ಧತಿ. ಆದರೆ ಅಲಕಾಬಾಯಿಗೆ ದಮ್ಮಿನ ಬೇನೆ. ವಿಮಾನ ಅಂದರೆ ಉಸಿರು ಮೇಲಾಗುತ್ತಿತ್ತು. “ನನ್ನ ಬದ್ಲಿ ಕುಮೀ ಹೋಗತಾಳ” ಎಂದರು. ಎಪ್ಪತ್ತೈದರಲ್ಲಿ ಕುವೈತ, ಎಪ್ಪತ್ತೆಂಟರಲ್ಲಿ ಮತ್ತೆ ಕುವೈತ, ಮರುವರ್ಷ ಸಿಂಗಾಪುರ, ಎಂಬತ್ತೊಂದರಲ್ಲಿ ಮತ್ತೆ ಸಿಂಗಾಪುರ. ಪತ್ರ ಬರುತ್ತಿದ್ದುದು ಸದಾಶಿವನಗರಕ್ಕೆ. ಅಲ್ಲಿಂದ ಖಾನಾಪುರ ಬಸ್ಸಿನ ಕಂಡಕ್ಟರನ ಕೈಯಲ್ಲಿ ನಿರೋಪ: ‘ಕುಮುದಿನಿಬಾಯಿಗೆ ತಯಾರಾಗಾಕ ಹೇಳ್ರಿ, ಮುಂದಿನ ತಿಂಗಳ ದಿನಾ ತುಂಬತಾವ.’

ನಿರೋಪ ಬಂದ ದಿನದಿಂದ ನಮ್ಮ ಓಣಿಗೇ ಬಾಣಂತಿ ಮನೆಯ ವಾಸನೆ ಹಿಡಿಯುತ್ತಿತ್ತು. ಬಾಣಂತಿಯ ಉಂಡೆಗೆ ಅಂಟು ಹುರಿಯುವುದು, ಕೊಬ್ಬರಿ ಹೆರೆಯುವುದು, ಉತ್ತತ್ತಿ ಕುಟ್ಟುವುದು, ಕೂಸಿಗೆ ತೇಯುವ ಬಜಿ, ಒಣಶುಂಠಿ, ಅಳ್ವಿ ಬೀಜ. ಹಳೆಯ ಮೆತ್ತನೆಯ ಧೋತರಗಳನ್ನು ಮನೆಮನೆಯಿಂದ ಬೇಡಿ ತಂದು ನನ್ನ ಮುಂದೆ ಒಟ್ಟುತ್ತಿದ್ದರು. ನಾನು ಅವನ್ನು ಕೂಸಿಗೆ ಸುತ್ತುವ ತುಂಡುಗಳಾಗಿ ಹರಿದು ಅಂಚು ಹೊಲಿಯುತ್ತಿದ್ದೆ. ತಲೆಯಿಂದ ಬೆನ್ನ ತನಕ ಇಳಿಯುವ ಕುಂಚಿಗಿ ಎರಡು, ಕೌದಿ ಒಂದು. ಮಾವಶಿಯ ಟ್ರಂಕಿನಲ್ಲಿ ಅವರವೇ ಅನ್ನುವಂಥ ಸೀರೆ ಮೂರು ಇದ್ದರೆ ಹೆಚ್ಚು. ನನ್ನ ತವರು ಹಲಸಿ. ನಾನು ಕಂಡ ದೂರದ ಊರು ಬೆಳಗಾವಿ. ಆದರೂ ನಾನು ಅಂಚು ಹೊಲಿದ ತುಂಡುಗಳು ಸಮುದ್ರ ದಾಟಿ ಹೋಗಿ ಯಾವುದೋ ಎತ್ತರದ ಕಟ್ಟಡದ ಮಜಲಿನ ಮೇಲೆ ಒಣಗುತ್ತವೆ ಅಂತ ನನಗೆ ಒಳಗೊಳಗೇ ಹೆಮ್ಮೆ.

ಮೊದಲ ಸಲ ಕುವೈತದಲ್ಲಿ ಆದದ್ದನ್ನು ಮಾವಶಿ ಎಷ್ಟು ಸಲ ಹೇಳಿದ್ದರೋ. ಬಾಣಂತಿಯ ಮೈಗೆ ಶೇಕು, ಅಂದರೆ ಕಾವು, ಕೊಡಬೇಕೆಂದು ಶೇಗಡಿಯಲ್ಲಿ ಇದ್ದಲು ಹಾಕಿ, ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿದರಂತೆ. ಹೊಗೆ ಕಿಟಕಿಯಿಂದ ಹೊರಬಿತ್ತು. ಯಾರೋ ಕಂಡು ಫೋನು ಮಾಡಿದರು. ಬೆಂಕಿ ಆರಿಸುವವರು ನಾಲ್ಕು ಮಂದಿ ಪೈಪು ಹೊತ್ತು ಒಳನುಗ್ಗಿದರು.

“ನಾ ಅಂಜಲಿಲ್ಲ,” ಅನ್ನುತ್ತಿದ್ದರು ಮಾವಶಿ. “ಬಾಣಂತಿ ಖೋಲಿ ಅದ, ಬೂಟ ಬಿಟ್ಟ ಬರ್ರಿ ಅಂದೆ. ಕನ್ನಡದಾಗ. ಖರೇನ ಬಿಟ್ರು ನೋಡವಾ! ಸಾಲಾಗಿ ನಾಕ ಜೋಡಿ ಬೂಟು. ಒಬ್ಬಾಂವ ಒಳಗ ಬಂದು ಹೊಗಿ ಮೂಸಿ ನೋಡಿ ನಕ್ಕ. ಅವರವ್ವನೂ ಹಿಂಗ ಏನೋ ಹಾಕತಿದ್ದಳೇನೋ.”

ಊರಿನವರಿಗೆ ಮಾತ್ರ ಮಾವಶಿ ಜಗತ್ತು ತಿರುಗಿದವರು. ಕನ್ನಡ ಸಾಲಿಯ ಹೆಡ್ ಮಾಸ್ತರ ಗುರುಪುತ್ರಪ್ಪನವರು ದಾರಿಯಲ್ಲಿ ಅಡ್ಡ ನಿಲ್ಲಿಸಿ ಕೇಳುತ್ತಿದ್ದರು: “ಬಾಯಾರ, ಅಲ್ಲಿ ಸಮುದ್ರ ಹೆಂಗೈತ್ರಿ?”

“ಸಮುದ್ರ ನೋಡಲಿಲ್ರಿ ಮಾಸ್ತರ. ಬಚ್ಚಲದಾಗಿನ ನಳ ಭಾಳ ಚಲೋ ಇತ್ತು.”

ಮಾಸ್ತರರು ಅದನ್ನು ಚೇಷ್ಟೆ ಅಂತ ತಿಳಿದು ನಗುತ್ತಿದ್ದರು. ಅದು ಚೇಷ್ಟೆಯಾಗಿರಲಿಲ್ಲ.

ಆದ್ದರಿಂದಲೇ ಎಂಬತ್ತನಾಲ್ಕರ ದೀಪಾವಳಿ ಕಳೆದು ಬಂದ ಆ ನೀಲಿ ಕಾಗದ ಮಾವಶಿಯನ್ನು ಹಾಗೆ ಅಲುಗಾಡಿಸಿಬಿಟ್ಟಿತು. ಐವತ್ತಾರು ವರ್ಷದ ಹೆಂಗಸಿಗೆ ಯಾರೋ ಮೊದಲ ಬಾರಿಗೆ, ನಿನ್ನಿಂದ ಏನೂ ಬೇಡ, ನೀನೇ ಬಾ, ಎಂದಿದ್ದರು. ಅವರು ಅದನ್ನು ಯಾರಿಗೂ ಹಾಗೆ ಬಿಚ್ಚಿ ಹೇಳಲಿಲ್ಲ. ಆದರೆ ಹಪ್ಪಳ ಒಣಹಾಕುವಾಗ, ನೀರಿಗೆ ಹೋಗುವಾಗ, ಯಾರು ಸಿಕ್ಕರೂ ಮಾತು ತಾನಾಗಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು: “ಸುಲಭಾ ಕರದಾಳ. ಹಿಂಗ ಸುಮ್ಮನ ಕರದಾಳ. ನೋಡಲಿಕ್ಕೆ.”

ಸಾಮಾನು ಕಟ್ಟುವ ದಿನ ಬಂದಾಗ ಟ್ರಂಕು ಬಾಯಿ ತೆರೆದುಕೊಂಡು ಖಾಲಿ ಕೂತಿತ್ತು. ಮಾವಶಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

“ನೂರಜಹಾನ, ಸುಮ್ಮನ ಹೋಗವರು ಏನ ಒಯ್ಯತಾರ?”

“ಸೀರಿ ಒಯ್ರಿ, ಕುಂದಾ ಒಯ್ರಿ. ಮಕ್ಕಳಿಗೆ ಆಟಗಿ ಸಾಮಾನ ಒಯ್ರಿ.”

“ಇಷ್ಟ ಇಟ್ರ ಟ್ರಂಕ ಗಡಗಡ ಅಂತದ.”

“ಅನ್ನಲಿ ಬಿಡ್ರಿ. ಬರೂವಾಗ ತುಂಬಕೊಂಡ ಬರ್ರಿ.”

ನಾನು ಎರಡು ಹೊಸ ಕುಪ್ಪಸ ಹೊಲಿದುಕೊಟ್ಟೆ. ಅಳ್ವಿಯ ಪೊಟ್ಟಣವೊಂದು ಟ್ರಂಕಿನ ಮೂಲೆಯಲ್ಲಿ ಕಂಡಿತು. ನಾನು ಎತ್ತಿ ಹೊರಗಿಟ್ಟೆ. ಮತ್ತೆ ನೋಡಿದರೆ ಒಳಗಿತ್ತು. ಮತ್ತೆ ಹೊರಗಿಟ್ಟೆ. “ಪಾವಣೇರ ಅದೀರಿ” ಎಂದು ಬೈದೆ. ಅವರು ಸಣ್ಣ ಹುಡುಗಿಯ ಹಾಗೆ ನಕ್ಕರು. ಜನವರಿ ಎರಡನೆಯ ವಾರ ನನ್ನ ಗಂಡ ಇಸಾಕ ಟ್ರಂಕು ಹೊತ್ತು ಅವರನ್ನು ಬೆಳಗಾವಿಯ ಬಸ್ಸು ಹತ್ತಿಸಿ ಬಂದ. ಅಲ್ಲಿಂದ ಮುಂಬಯಿ, ಮುಂಬಯಿಯಿಂದ ವಿಮಾನ. ಎರಡು ತಿಂಗಳು ಅಂದರೆ ಹೋಳಿ ಹುಣ್ಣಿಮೆಯ ಹೊತ್ತಿಗೆ ಬರಬೇಕು ಎಂದು ನಾನು ಲೆಕ್ಕ ಹಾಕಿಕೊಂಡೆ.

ಇಪ್ಪತ್ತಮೂರು ದಿನಕ್ಕೆ, ಒಂದು ಬೆಳಿಗ್ಗೆ, ಗೋಡೆಯಾಚೆ ಕಸಬರಿಗೆಯ ಸಪ್ಪಳ ಕೇಳಿತು. ಮಾವಶಿ ಸೀರೆ ಮೇಲಕ್ಕೆ ಕಟ್ಟಿ ಅಂಗಳ ಸಾರಿಸುತ್ತಿದ್ದರು.

“ಯಾಕ್ರಿ ಮಾವಶಿ, ಇಷ್ಟ ಲಗೂನ?”

“ನೋಡೂದ ಮುಗೀತು, ಬಂದೆ.”

ನಾಲ್ಕು ದಿನ ಓಣಿಯವರೆಲ್ಲ ಬಂದು ಕೂತು ಹೋದರು. ಮಾವಶಿ ಎಲ್ಲರಿಗೂ ಹೇಳಿದರು. ರಸ್ತೆಯಲ್ಲಿ ಉಗುಳುವ ಹಾಗಿಲ್ಲ. ಹಕ್ಕಿಗಳದೇ ಒಂದು ತೋಟ ಇದೆ, ನಮ್ಮ ಊರಗಲ. ಗಾಜಿನ ಅಂಗಡಿ, ಗಾಜಿನ ಬಾಗಿಲು, ಹತ್ತಿರ ಹೋದರೆ ತಾನೇ ತೆರೆಯುತ್ತದೆ. ಗುರುಪುತ್ರಪ್ಪನವರಿಗೆ ಸಮುದ್ರವೂ ಸಿಕ್ಕಿತು. “ನೀಲಿ ಅಲ್ರಿ ಮಾಸ್ತರ, ಬೂದಿ ಬಣ್ಣ. ತುಂಬ ಹಡಗ ನಿಂತಿದ್ವು.” ಮಾಸ್ತರರು ಕೃತಾರ್ಥರಾಗಿ ಎದ್ದುಹೋದರು. ಆದರೆ ನಾನು ಹದಿಮೂರು ವರ್ಷದಿಂದ ಅವರ ದನಿ ಕೇಳಿದವಳು. ಬೆಂಕಿಯವರ ಬೂಟಿನ ಕಥೆ ಹೇಳುವಾಗ ಅವರ ಕೈ, ಹುಬ್ಬು, ಸೆರಗು ಎಲ್ಲ ಮಾತಾಡುತ್ತಿದ್ದವು. ಈ ಸಮುದ್ರದ ಕಥೆ ಹೇಳುವಾಗ ಎರಡು ಕೈಯೂ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು.

ಐದನೆಯ ದಿನ ಮಧ್ಯಾಹ್ನ ಅವರು ಗೋಡೆ ಬಳಸಿ ನಮ್ಮ ಅಂಗಳಕ್ಕೇ ಬಂದರು. ಯಂತ್ರದ ಬಾಜು ಚಾಪೆ ಎಳೆದುಕೊಂಡು ಕೂತು, “ಒಂದ ಕಪ್ಪು ಚಹಾ ಹಾಕು ನನಗ” ಅಂದರು.

ನಾನು ಅವರ ಮುಖ ನೋಡಿದೆ. ನಮ್ಮ ಮನೆಯಲ್ಲಿ ಅವರು ಯಾವತ್ತೂ ನೀರು ಕೂಡ ಕುಡಿದವರಲ್ಲ. ಪ್ರೀತಿ ಕಡಿಮೆ ಅಂತಲ್ಲ. ಅವರ ಮನೆತನದ ಕಟ್ಟು ಹಾಗಿತ್ತು, ನಾನೂ ಕೇಳಿದವಳಲ್ಲ, ಅವರೂ ಹೇಳಿದವರಲ್ಲ.

“ಏನ ನೋಡತೀ? ಅಲ್ಲೆ ಒಬ್ಬಾಕಿ ಮನಿಯಾಗ ಆರು ದಿವಸ ಕುಡದ ಬಂದೀನಿ. ನಿಮ್ಮವರ ಪೈಕಿನ. ನಿನ್ನ ಕೈಯಾಂದ ಕುಡೀದಿದ್ರ ನನಗ ಪಾಪ ಹತ್ತತದ.”

ಚಹಾ ಕಾಸಿ ತಂದುಕೊಟ್ಟೆ. ಕಪ್ಪು ಎರಡೂ ಕೈಯಲ್ಲಿ ಹಿಡಿದುಕೊಂಡು, ಆರುವ ತನಕ ಕುಡಿಯದೆ ಹೇಳಿದರು.

“ಸುಲಭಾ ಚಲೋ ಹುಡುಗಿ. ಆಕಿದೇನೂ ತಪ್ಪಿಲ್ಲ, ಅದನ್ನ ಮೊದಲ ಹೇಳಿ ಬಿಡತೀನಿ. ನನಗ ಅಂತ ಒಂದು ಖೋಲಿ ಬಿಟ್ಟಿದ್ಲು. ಹಾಸಿಗಿ ಹೆಂಗಿತ್ತಂದ್ರ, ಕುಂತ್ರ ಮುಳಗತಿದ್ದೆ. ರವಿವಾರಕ್ಕೊಮ್ಮಿ ಕಾರಿನ್ಯಾಗ ಹಾಕ್ಕೊಂಡು ತಿರಗಿಸಿದ್ರು. ಆದ್ರ ವಾರಕ್ಕ ರವಿವಾರ ಒಂದ ಅಲ್ಲೇನವಾ? ಉಳದ ಆರು ದಿನಾ ಗಂಡಾ-ಹೆಂಡತಿ ಆಫೀಸಿಗೆ, ಹುಡುಗ್ರು ಅದೇನೋ ಹುಡುಗ್ರನ್ನ ಇಟ್ಕೋಳೂ ಸಾಲಿಗೆ. ಮುಂಜಾನಿ ಏಳಕ್ಕ ಬಾಗಿಲ ಎಳಕೊಂಡ ಹೋದ್ರಂದ್ರ ಸಂಜಿ ಏಳಕ್ಕ.”

“ಹುಡುಗ್ರು ಗುರ್ತ ಹಿಡದ್ವೇನ್ರಿ?”

“ಹುಟ್ಟಿದ ಮೊದಲನೇ ನೀರು ಹಾಕಿದಾಕಿ ನಾನು. ಆ ದೊಡ್ಡ ಹುಡುಗನ ತಲಿ ವಾರೀ ಇತ್ತು, ದಿನಾ ಎಣ್ಣಿ ಹಚ್ಚಿ ಹಚ್ಚಿ ಗುಂಡಗ ಮಾಡಿದಾಕಿ ನಾನು. ಅದು ಇಂಗ್ಲಿಷಿನ್ಯಾಗ ಏನೋ ಕೇಳತು. ಸುಲಭಾ ಏನೋ ಹೇಳಿದ್ಲು. ನನ್ನ ಕಡೆ ನೋಡಿ ‘ಆಂಟಿ’ ಅಂತು. ಮುಗೀತು. ಅದರದೇನು ತಪ್ಪು? ಐದು ವರ್ಷದ್ದು. ಬಚ್ಚಲದಾಗ ಅಳಕೋತ ಮಲಗಿದ್ದು ಅದಕ್ಕ ಹ್ಯಾಂಗ ನೆನಪಿರಬೇಕು?”

ಮಾವಶಿ ಚಹಾ ಒಂದು ಗುಟುಕು ಕುಡಿದರು. “ಸಕ್ಕರಿ ಭಾಳ ಹಾಕತೀ” ಅಂದರು. ಮತ್ತೆ ಮುಂದುವರಿಸಿದರು.

“ಹಿಂದಿನ ಸಲ ಅದ ಮನಿಯೊಳಗ ನನಗ ಏಳೂದು, ಮಲಗೂದು ಎಲ್ಲಾ ಗೊತ್ತಿತ್ತು. ಕೂಸು ಅತ್ತಾಗ ಏಳೂದು, ಮಲಗಿದಾಗ ಮಲಗೂದು. ಈ ಸಲ ಒಂದ ದಿನ ಒಂಬತ್ತ ಗಂಟಿ ತನಕ ಮಲಗಿದೆ ನೋಡು. ಯಾರೂ ಎಬ್ಬಸಲಿಲ್ಲ. ಎದ್ದು, ನಾಚಿಕಿ ಬಂದು, ಅರಿವಿ ತೊಳ್ಯೂಣು ಅಂತ ಹೋದ್ರ ಮಷೀನು ತೊಳದ ಬಿಟ್ಟದ. ಭಾಂಡಿ ತಿಕ್ಕಿದ್ರ ಸುಲಭಾ ಬಂದು, ಮಾವಶಿ ನೀ ಸುಮ್ಮನ ಕೂಡು ಅಂತಾಳ. ಕೂತೆ. ಹನ್ನೊಂದನೇ ಮಜಲಿ ಮ್ಯಾಲ ಎಷ್ಟ ಅಂತ ಕೂಡತೀ? ಕೆಳಗ ನೋಡಿದ್ರ ಮಂದಿ ಸಾಸವಿ ಕಾಳ ಆಗಿ ಕಾಣತಾರ.”

ಒಂದು ದಿನ ಲಿಫ್ಟಿನಲ್ಲಿ ಇಳಿದು ಕೆಳಗೆ ಹೋಗಿ ಗಿಡದ ನೆರಳಿಗೆ ಕೂತು ಮೇಲೆ ಬರುತ್ತಿದ್ದರಂತೆ. ಒಬ್ಬ ಮುದುಕಿ ಒಳಗೆ ಬಂದಳು. ಮಾವಶಿಯ ವಾರಿಗೆಯವಳೇ. ತಲೆ ತುಂಬ ಅರಿವೆ ಹೊದ್ದಿದ್ದಳು, ಅಲ್ಲಿಯ ಮಲಯ ಮುಸಲ್ಮಾನ ಹೆಂಗಸು.

“ನಿಮ್ಮವ್ವ ಹೊದ್ದಂಗ ಹೊದ್ದಿದ್ಲು. ಕೈಯಾಗ ಚೀಲ. ಆ ಚೀಲದಾಗಿಂದ ವಾಸನಿ ಬಂತು ನೋಡು! ಶುಂಠಿ, ಅರಿಷಿಣ, ಅದೇನೋ ಹಸಿ ಎಲಿ. ನನಗ ಬೇಕಾದ್ರ ಕಣ್ಣ ಕಟ್ಟಿ ನಿಂದರಸು, ಬಾಣಂತಿ ಮನಿ ವಾಸನಿ ನಾ ಹೇಳತೀನಿ. ನಾ ಹಿಂಗ ಎರಡೂ ಕೈ ಕೂಡಿಸಿ ತೂಗಿ ತೋರಿಸಿದೆ, ಕೂಸು ಅದ ಏನು ಅಂತ. ಆಕಿ ನಕ್ಕು ಎಂಟ ಬೆರಳ ತೋರಿಸಿದ್ಲು. ಎಂಟ ದಿನಾ ಆಗಿತ್ತು. ಆಕಿದೂ ಎಂಟನೇ ಮಜಲಿ. ಬಾಗಿಲ ತೆಗೀತು. ಆಕಿ ಇಳದ್ಲು. ನಾನೂ ಇಳದೆ.”

“ಗುರ್ತಿಲ್ಲದ ಮನಿಗೆ ಹೋಗೇ ಬಿಟ್ರಿ?”

“ಕೂಸಿದ್ದ ಮನಿ ಗುರ್ತಿಲ್ಲದ ಮನಿ ಹ್ಯಾಂಗ ಆಗತದವಾ?”

ಇಲ್ಲಿಂದ ಮಾವಶಿಯ ಕೈಗಳು ಎದ್ದವು. ಬಾಣಂತಿಯ ಹೊಟ್ಟೆಗೆ ಉದ್ದನೆಯ ಅರಿವೆ ಬಿಗಿದಿದ್ದರಂತೆ, ನಮ್ಮ ಹಾಗೆಯೇ. ನಲವತ್ತು ದಿನ ಹೊರಗೆ ಬಿಡುವುದಿಲ್ಲ, ನಮ್ಮ ಹಾಗೆಯೇ. ತಣ್ಣಗಿನದು ಉಣ್ಣಬಾರದು. ಆದರೆ ಶೇಕು ಬೇರೆ.

“ಒಂದು ಗುಂಡಕಲ್ಲು ಕಾಸತಾರ. ಎಲಿಯೊಳಗ ಸುತ್ತಿ, ಅರಿವಿಯೊಳಗ ಗಂಟ ಕಟ್ಟಿ, ಟೊಂಕದ ಮ್ಯಾಲ, ಹೊಟ್ಟಿ ಮ್ಯಾಲ ಇಡತಾರ. ಕಲ್ಲಿನ ಶೇಕು ನೂರಜಹಾನ! ಹೊಗಿನ ಇಲ್ಲ. ಕುವೈತದಾಗ ಇದು ನನಗ ಯಾಕ ಹೊಳೀಲಿಲ್ಲ ಅಂತ ಹಣಿ ಬಡಕೊಂಡೆ. ಕೂಸಿಗೆ ನೀರು ನಾ ಹಾಕಿದೆ. ಕಾಲ ಚಾಚಿ ಕೂತು, ಕಾಲ ಮ್ಯಾಲ ಹಾಕ್ಕೊಂಡು, ಎಣ್ಣಿ ಹಚ್ಚಿ ತಿಕ್ಕಿದೆ. ಮುದುಕಿ ನೋಡೇ ನೋಡಿದ್ಲು. ಅವರು ಹಂಗ ಹಾಕಂಗಿಲ್ಲ. ಆಕಿ ಆಕಿ ಮಾತಿನ್ಯಾಗ ಹೇಳತಿದ್ಲು, ನಾ ಕನ್ನಡದಾಗ ಹೇಳತಿದ್ದೆ. ನೀರು ಸುಡತದ ಅಂದ್ರ ತಣ್ಣೀರ ಹಾಕಿದ್ಲು. ಟಾವೆಲ್ ಕೊಡು ಅಂದ್ರ ಕೊಟ್ಲು. ಒಂದ ಸಲಾನೂ ತಪ್ಪಲಿಲ್ಲ.”

ಹಾಗೆ ಆರು ದಿನ. ಮನೆಯವರು ಆಫೀಸಿಗೆ ಹೋದ ಮೇಲೆ ಮಾವಶಿ ಕೆಳಗಿಳಿಯುವುದು, ಕೂಸಿಗೆ ನೀರು ಹಾಕುವುದು, ಇಬ್ಬರು ಮುದುಕಿಯರೂ ಚಹಾ ಕುಡಿಯುವುದು, ಸಂಜೆಗೆ ಮುಂಚೆ ಮೇಲೆ ಬಂದು ಏನೂ ಆಗದವರ ಹಾಗೆ ಕೂತಿರುವುದು.

ಏಳನೆಯ ದಿನ ಸುಲಭಾ ತಲೆನೋವೆಂದು ಬೇಗ ಮನೆಗೆ ಬಂದಳು. ಬಾಗಿಲಿಗೆ ಕೀಲಿ. ಮಾವಶಿ ಇಲ್ಲ. ಕೆಳಗೆ ಹುಡುಕಿದಳು, ಅಂಗಡಿಗಳಲ್ಲಿ ಹುಡುಕಿದಳು, ಗಂಡನಿಗೆ ಫೋನು ಮಾಡಿ ಕರೆಸಿದಳು. ಭಾಷೆ ಬಾರದ ಮುದುಕಿ, ಎಲ್ಲಿ ಹೋದಳು? ಪೊಲೀಸರಿಗೆ ಹೇಳಬೇಕು ಅನ್ನುವಷ್ಟರಲ್ಲಿ ಯಾರೋ ಎಂಟನೆಯ ಮಜಲು ತೋರಿಸಿದರು. ಹೋಗಿ ನೋಡಿದರೆ ಮಾವಶಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಾರೆ. ಸೀರೆ ಮೊಣಕಾಲ ತನಕ. ಕೈ ತುಂಬ ಎಣ್ಣೆ.

“ಅಲ್ಲೆ ಏನೂ ಅನ್ನಲಿಲ್ಲ. ನಕ್ಕೋತ ಕರಕೊಂಡ ಬಂದ್ಲು. ಮನಿಗೆ ಬಂದ ಮ್ಯಾಲ ಅತ್ಲು. ಅಂಜಿದ್ದಳಲ್ಲ ಪಾಪ. ಅಳಕೋತ ಅಂದ್ಲು: ‘ಮಾವಶಿ, ನೀ ಮಂದಿ ಮನಿಯಾಗ ಹಂಗ ಕೂತ್ರ ಜನಾ ಏನಂತಾರ? ಇವರು ಮನಿಗೆ ಆಯಾನ್ನ ಕರಸ್ಯಾರ ಅಂತಾರ.’ ಅಳಿಯ ಅಲ್ಲೇ ನಿಂತಿದ್ದ. ಆತ ಕಿಟಕಿ ಕಡೆ ತಿರುಗಿದ.”

“ನೀವೇನ ಅಂದ್ರಿ?”

“ಏನ ಅಂತೀನಿ? ಕೈ ತೊಳಕೊಂಡೆ. ಎಣ್ಣಿ ಲಗೂನ ಹೋಗಂಗಿಲ್ಲ ನೋಡು, ಸೋಪ ಹಚ್ಚಿ ಹಚ್ಚಿ ತೊಳಕೊಂಡೆ.”

ಆಮೇಲೆ ಅವರು ಕೆಳಗೆ ಇಳಿಯಲಿಲ್ಲ. ಅಲ್ಲಿಯ ಮನೆಗಳಲ್ಲಿ ಅಡುಗೆಮನೆಯ ಕಿಟಕಿಯಿಂದ ಉದ್ದ ಬಿದಿರು ಹೊರಗೆ ಚಾಚಿ ಅರಿವೆ ಒಣಹಾಕುತ್ತಾರಂತೆ. ಹನ್ನೊಂದನೆಯ ಮಜಲಿನಿಂದ ಬಗ್ಗಿ ನೋಡಿದರೆ ಎಂಟನೆಯ ಮಜಲಿನ ಬಿದಿರು ಕಾಣುತ್ತಿತ್ತು.

“ಕೂಸಿನ ಅರಿವಿ ತುಂಡು ಎಣಸತಿದ್ದೆ. ಹನ್ನೆರಡು ಇದ್ವಂದ್ರ ಚಲೋ ಅದ ಅಂತ. ಒಂದಿನ ಇಪ್ಪತ್ತೆರಡ ಇದ್ವು. ಕೂಸಿನ ಹೊಟ್ಟಿ ಕೆಟ್ಟದ ಅಂದೆ. ಬಜಿ ತೇದು ಒಂದ ಹನಿ ನೆಕ್ಕಿಸಿದ್ರ ನಿಂದರತದ. ಲಿಫ್ಟಿನ ತನಕಾ ಹೋದೆ. ಗುಂಡಿ ಒತ್ತಿದೆ. ಬಾಗಿಲ ತೆಗದು, ತಾನ ಮುಚ್ಚಿಕೊಳ್ತು. ಒಳಗ ಹೋಗಲಿಲ್ಲ. ಮರುದಿನ ಟೊಂಕ ನೋವು ಅಂತ ಹೇಳಿ ಟಿಕೆಟ್ ಬದಲಿ ಮಾಡಿಸಿ ಲಗೂನ ಹೊರಟ ಬಂದೆ.”

ಕಪ್ಪಿನಲ್ಲಿ ಚಹಾ ಅರ್ಧ ಉಳಿದು ಕೆನೆ ಕಟ್ಟಿತ್ತು. ಮಾವಶಿ ಅದನ್ನು ಬೆರಳಿನಿಂದ ತೆಗೆದು ಬದಿಗೆ ಹಚ್ಚಿದರು.

“ಒಂದ ಮಾತ ಹೇಳು. ಮಂದಿ ಕೂಸಿಗೆ ನೀರು ಹಾಕಿದ್ರ ಆಯಾ ಅಂತಾರ. ಆತು. ಹಂಗಾದ್ರ ಹಿಂದ ನಾಕ ಸಲಾ ಹೋಗಿದ್ನಲ್ಲಾ, ಅವಾಗ ನಾ ಏನ ಆಗಿದ್ದೆ?”

ನಾನು ಯಂತ್ರದ ಗಾಲಿ ತಿರುಗಿಸಿ ಅರಿವೆ ಓಡಿಸಿದೆ. ಒಂದು ಮೊಳ ಹೋದ ಮೇಲೆ ನೋಡಿದರೆ ಸೂಜಿಗೆ ದಾರವೇ ಇರಲಿಲ್ಲ. ಮಾವಶಿಯೂ ಅದನ್ನು ನೋಡಿದರು. ಕಪ್ಪು ತಾವೇ ತೊಳೆದು ಬೋರಲು ಹಾಕಿ, ಗೋಡೆ ಬಳಸಿ ಹೋದರು.

ಅವತ್ತಿನಿಂದ ಅವರು ದಿನಾ ನಮ್ಮಲ್ಲಿ ಚಹಾ ಕುಡಿದರು. ಆದರೆ ಸಿಂಗಾಪುರದ ಮಾತು ಮತ್ತೆ ಬರಲಿಲ್ಲ. ಹೊಸ ಕುಪ್ಪಸ ಎರಡನ್ನೂ ಒಮ್ಮೆಯೂ ತೊಟ್ಟದ್ದು ನಾನು ನೋಡಲಿಲ್ಲ.

ಮೇ ತಿಂಗಳ ಬಿಸಿಲಲ್ಲಿ ಒಂದು ಕಾರು ನಮ್ಮ ಓಣಿಗೆ ಬಂದು ನಿಂತಿತು. ಡ್ರೈವರ ಬಾಳಾಸಾಹೇಬ ಇಳಿದು ಹಿಂದಿನ ಬಾಗಿಲು ತೆಗೆದ. ಅಲಕಾಬಾಯಿಯವರು ಎದೆ ಮೇಲೆ ಕೈ ಇಟ್ಟುಕೊಂಡು, ನಿಂತು ನಿಂತು ಉಸಿರು ತೆಗೆದುಕೊಳ್ಳುತ್ತ ಮೆಟ್ಟಿಲು ಹತ್ತಿದರು. ನಾನು ಆಗ ಮಾವಶಿಯ ಪಡಸಾಲೆಯಲ್ಲಿ ಹಪ್ಪಳ ಲಟ್ಟಿಸಲು ಕೂತಿದ್ದೆ.

ಅಲಕಾಬಾಯಿ ಕೆಟ್ಟವರಲ್ಲ. ಬಾಯಿ ತುಂಬ ಮಾತು, ಕೈ ತುಂಬ ಹಣ್ಣಿನ ಚೀಲ. “ಏನ ಕುಮೀ, ಎಷ್ಟ ಒಣಗೀದಿ! ಸಿಂಗಾಪುರದಾಗ ಉಣ್ಣಲಿಕ್ಕೆ ಹಾಕಲಿಲ್ಲೇನು ನನ್ನ ಮಗಳು?” ಎಂದು ನಕ್ಕು, ತಂಬಿಗೆ ನೀರು ಕುಡಿದು, ವಿಷಯಕ್ಕೆ ಬಂದರು. ಉಜ್ವಲಾಗೆ ಮೂರನೆಯದು. ಜುಲೈಯಲ್ಲಿ ದಿನ ತುಂಬುತ್ತವೆ. ಟಿಕೆಟ್ ಹೇಳಿ ಆಗಿದೆ.

“ಅಂಟು ಈಗ ಚಲೋ ಸಿಗತದ, ಹುರದ ಇಟ್ಕೊ. ನೂರಜಹಾನ, ನೀ ಕುಂಚಿಗಿ ಹೊಲಿಯವಾ. ಈ ಸಲ ತುಸು ದೊಡ್ಡವ.”

ನಾನು ಹಪ್ಪಳದ ಮೇಲೆ ಕಣ್ಣು ಇಟ್ಟೆ. ಮಾವಶಿ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ.

“ಅಕ್ಕಾ, ಉಜ್ವಲಾ ನನಗ ಒಂದ ಪತ್ರ ಬರೀಲಿ.”

“ಯಾವ ಪತ್ರ?”

“ಬಾ ಅಂತ. ಖಾನಾಪುರದ ಪತ್ತೇಕ್ಕ, ನನ್ನ ಹೆಸರಿಗೆ.”

“ನಾ ಬಂದು ಬಾಯಿಲೆ ಹೇಳಲಿಕತ್ತೀನಲಾ! ಈ ಬಿಸಲಾಗ, ಈ ದಮ್ಮ ಕಟಗೊಂಡು.”

“ನೀ ಹೇಳತೀ. ನಾಕ ಸಲಾನೂ ನೀನ ಹೇಳಿದಿ.”

“ಮತ್ತ? ನಾ ಅಕ್ಕ ಅಲ್ಲೇನು? ನನ್ನ ಮಾತು ಸಾಲಂಗಿಲ್ಲೇನು?”

“ಆಕಿಗೆ ಬಾಣಂತನ ಬೇಕೋ, ನಾ ಬೇಕೋ, ಆಕಿ ಬರೀಲಿ.”

ಅಲಕಾಬಾಯಿ ನನ್ನ ಕಡೆ ನೋಡಿ ನಕ್ಕರು, ನಾನೂ ನಗಬೇಕು ಅನ್ನುವ ಹಾಗೆ. “ಎರಡೂ ಒಂದ ಅಲ್ಲೇನ ಹುಚ್ಚಿ?”

“ನಾನೂ ಇಷ್ಟ ದಿವಸ ಹಂಗ ತಿಳಕೊಂಡಿದ್ದೆ.”

ಆ ದನಿ ಕೇಳಿ ಅಲಕಾಬಾಯಿಯ ನಗೆ ನಿಂತಿತು. ಅವರಿಗೆ ಸಿಂಗಾಪುರದಿಂದ ಏನಾದರೂ ಸುದ್ದಿ ಬಂದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ತಂಗಿಯ ಮುಖ ನೋಡಿದರು, ಲಟ್ಟಣಿಗೆ ನೋಡಿದರು.

“ಆಕಿ ಬರೀಲಿಲ್ಲಂದ್ರ?”

“ಬರೀಲಿಲ್ಲಂದ್ರ ಅಲ್ಲೇ ಯಾರನ್ನರ ಇಟ್ಕೋಲಿ. ಆಯಾ ಸಿಗತಾರಂತ.”

“ಹುಟ್ಟದ ಕೂಸಿನ ಮ್ಯಾಲ ಹಟಾ ತೆಗೀತೀಯಲ್ಲ ಕುಮೀ. ನಿನ್ನ ಒಡಲಾಗಿನ ಮಗಳಾಗಿದ್ರ ಹಿಂಗ ಅಂತಿದ್ದೇನು?”

ಮಾವಶಿ ತಲೆ ಎತ್ತಿದರು. “ನನ್ನ ಮಗಳಾಗಿದ್ರ ತಾನ ಬರೀತಿದ್ಲು,” ಅಂದರು.

ಅಲಕಾಬಾಯಿ ಸೆರಗು ಸರಿಪಡಿಸಿಕೊಂಡು ಎದ್ದರು. ಹಣ್ಣಿನ ಚೀಲ ಪಡಸಾಲೆಯಲ್ಲೇ ಉಳಿಯಿತು. ನಾವಿಬ್ಬರೂ ಹಿಟ್ಟಿನ ಕೈಯಲ್ಲೇ ಬಾಗಿಲ ತನಕ ಹೋದೆವು. ಅವರು ಕಾರಿನೊಳಗೆ ಕೂತು, ಗಾಜು ಅರ್ಧ ಇಳಿಸಿ, ನೇರ ಮುಂದೆ ನೋಡುತ್ತಿದ್ದರು. ಬಾಳಾಸಾಹೇಬ ಕೀಲಿ ತಿರುವಿದ. ಕಾರು ಕೆಮ್ಮಿತು, ನಿಂತಿತು. ಮತ್ತೆ ತಿರುವಿದ. ಮೂರನೆಯ ಸಲ ಅದು ಕೆಮ್ಮಲೂ ಇಲ್ಲ. ಓಣಿ ಬಿಸಿಲಿಗೆ ಖಾಲಿಯಾಗಿತ್ತು, ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಬಾಳಾಸಾಹೇಬ ಕಿಟಕಿಯಿಂದ ತಲೆ ಹೊರಹಾಕಿ, ಸಂಕೋಚದಿಂದ ನಮ್ಮಿಬ್ಬರ ಕಡೆ ನೋಡಿ, ಕೈಯಿಂದ ಮುಂದಕ್ಕೆ ತಳ್ಳುವ ಸನ್ನೆ ಮಾಡಿದ.

ಮಾವಶಿ ಮೊದಲು ಇಳಿದರು. ಸೀರೆ ಸೊಂಟಕ್ಕೆ ಸಿಗಿಸಿ, ಎರಡೂ ಕೈ ಕಾರಿನ ಹಿಂಬದಿಗೆ ಕೊಟ್ಟರು. ನಾನು ಬಾಜು ನಿಂತೆ. ಹಿಂದಿನ ಗಾಜಿನಲ್ಲಿ ಅಲಕಾಬಾಯಿಯ ತುರುಬಿನ ಅಂಬಾಡ ಕಾಣುತ್ತಿತ್ತು, ಅದಕ್ಕೆ ಮುಡಿದ ಅಬ್ಬಲಿಗೆ ಹೂ ಕಾಣುತ್ತಿತ್ತು. ತಳ್ಳಿದೆವು. ಹಂಚಿನ ಕಾರಖಾನೆಯ ಮೂಲೆಯ ತನಕ ಸಣ್ಣ ಏರು, ಅದರ ಆಚೆ ಇಳಿಜಾರು. ಏರಿನಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡೆವು. ಇಳಿಜಾರಿಗೆ ಬಂದ ಕೂಡಲೇ ಎಂಜಿನ್ನು ಹಿಡಿಯಿತು. ಕಾರು ನಮ್ಮ ಕೈಬಿಟ್ಟು ಜಿಗಿದು ಹೋಯಿತು. ನಿಲ್ಲಿಸಿದರೆ ಮತ್ತೆ ಬಂದ್ ಆಗುತ್ತದೆಂದು ಬಾಳಾಸಾಹೇಬ ನಿಲ್ಲಿಸಲಿಲ್ಲ. ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಬೀಸಿತೋ, ಗಾಳಿಗೆ ಹಾರುವ ಸೆರಗನ್ನು ಒಳಗೆ ಎಳೆದುಕೊಂಡಿತೋ, ಧೂಳಿನಲ್ಲಿ ಕಾಣಲಿಲ್ಲ.

ಕಾರಿನ ಹಿಂಬದಿಯ ಮೇಲೆ ನಾಲ್ಕು ಅಂಗೈಗಳ ಹಿಟ್ಟಿನ ಗುರುತು ಬೆಳಗಾವಿ ರಸ್ತೆಯ ತಿರುವಿನ ತನಕ ಬೆಳ್ಳಗೆ ಕಂಡಿತು. ಮಾವಶಿಯ ಒಂದು ಚಪ್ಪಲಿ ತಳ್ಳುವಾಗ ಏರಿನ ಮೇಲೆಯೇ ಉಳಿದಿತ್ತು. ಕಾದ ಡಾಂಬರಿನ ಮೇಲೆ ಒಂದು ಬರಿಗಾಲನ್ನು ಎತ್ತಿ ಎತ್ತಿ ಇಡುತ್ತ, ಅವರು ಅದನ್ನು ತರಲು ಹಿಂದಕ್ಕೆ ಹೋದರು.